ಗೂಬೆಯ ಅರ್ಧ ಗಂಟೆ

ಸೀಸೆ ನೋಡುವುದೂ ಒಂದು ಕೆಲಸವೇ ಎಂದು ನೆಂಟರಿಷ್ಟರಿಗೆ ವಿವರಿಸಿ ವಿವರಿಸಿ ಅವನ ಬಾಯಿ ಸೋತಿತ್ತು. ಔಷಧದ ಕಾರ್ಖಾನೆಯಲ್ಲಿ ಬಿಳಿ ದೀಪದ ಹಲಗೆಯ ಮುಂದೆ ಇಂಜೆಕ್ಷನ್ನಿನ ಪುಟ್ಟ ಸೀಸೆಗಳು ಸಾಲಾಗಿ ಸರಿಯುತ್ತವೆ. ಒಳಗೆ ಎಳೆಯೋ ಕಸವೋ ಕಂಡರೆ ಎತ್ತಿ ಪಕ್ಕದ ಕೆಂಪು ಟ್ರೇಗೆ ಹಾಕಬೇಕು. ಕಾಣದಿದ್ದರೆ ಸುಮ್ಮನೆ ನೋಡುತ್ತಿರಬೇಕು. ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಹೀಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ, ಇಲ್ಲದ ಕಸವನ್ನು ಕಣ್ಣರಳಿಸಿ ನೋಡುತ್ತ ಅವನು ನಾಲ್ಕು ವರ್ಷ ಸವೆಸಿದ್ದ. ಅರ್ಧ ಗಂಟೆಗೊಮ್ಮೆ ಬೆಲ್ ಆಗುತ್ತದೆ. ಆಗ ಎಲ್ಲರೂ ಕೂತಲ್ಲೇ ಐದು ನಿಮಿಷ ಕಣ್ಣು ಮುಚ್ಚಬೇಕೆಂಬುದು ನಿಯಮ. “ಕಣ್ಣು ಮುಚ್ಚಿದ್ದಕ್ಕೂ ಸಂಬಳ! ಪುಣ್ಯವಂತ ಕಣೋ ನೀನು” ಎಂದು ಅಕ್ಕ ಹಂಗಿಸುತ್ತಿದ್ದಳು.

ಈ ವಿದ್ಯೆಗೆ ಹೊರಗಿನ ಲೋಕದಲ್ಲಿ ಕವಡೆ ಕಿಮ್ಮತ್ತಿಲ್ಲ ಎಂದುಕೊಂಡಿದ್ದವನಿಗೆ ಕಂಪ್ಯೂಟರಿನ ಶೂಟಿಂಗ್ ಆಟವೊಂದರಲ್ಲಿ ಮರ್ಯಾದೆ ಸಿಕ್ಕಿತು. ಅವರವರ ಮನೆಯಿಂದಲೇ ಆಡುವ ಐದು ಜನರ ತಂಡ. ನಾಲ್ವರು ಓಡುತ್ತಾರೆ, ಹಾರುತ್ತಾರೆ, ಸಾಯುತ್ತಾರೆ. ಐದನೆಯವನು ನೀರಿನ ಟ್ಯಾಂಕಿನ ಮೇಲೆ ಬಂದೂಕು ಹಿಡಿದು ಮಲಗಿ ಗೋದಾಮಿನ ಬಾಗಿಲನ್ನು ಕಾಯಬೇಕು. ಒಂದು ಆಟ ಐವತ್ತು ನಿಮಿಷ. ಬೇರೆ ಯಾರನ್ನು ಮಲಗಿಸಿದರೂ ಹತ್ತೇ ನಿಮಿಷಕ್ಕೆ ಬೇಜಾರಾಗಿ ಇಳಿದುಬಿಡುತ್ತಿದ್ದರು. ಇವನು ಮಾತ್ರ ಅಲ್ಲಾಡಲಿಲ್ಲ. ಅದನ್ನು ಕಂಡು ತಂಡದವರು ‘ಗೂಬೆ’ ಎಂದು ಹೆಸರಿಟ್ಟರು. ಜೀವನದಲ್ಲಿ ಅವನಿಗೆ ದೊರೆತ ಏಕೈಕ ಬಿರುದು. ಭಾನುವಾರ ಮೂರು ಗಂಟೆಗೆ ತನಗಾಗಿ ನಾಲ್ಕು ಜನ ಕಾಯುತ್ತಾರೆ ಎಂಬ ಒಂದೇ ಆಸೆಯಲ್ಲಿ ಸೋಮವಾರದಿಂದ ಶನಿವಾರದವರೆಗಿನ ಸೀಸೆಗಳು ಹೇಗೋ ದಾಟುತ್ತಿದ್ದವು.

ಆ ಸ್ಥಾನವೇ ಈಗ ಅಲ್ಲಾಡುತ್ತಿತ್ತು. ಮೂರು ಭಾನುವಾರಗಳಿಂದ ಎದುರಾಳಿಗಳು ಅವನ ಮೂಗಿನ ಕೆಳಗೇ ಬಾಗಿಲು ದಾಟಿ ಹೋಗುತ್ತಿದ್ದರು. ಕ್ಯಾಪ್ಟನ್ ಕೂಗಿಕೊಂಡಾಗ ಇವನು ಮೌಸ್ ಎಳೆಯುತ್ತಿದ್ದ. ಒಂದು ಕ್ಷಣ ಪರದೆಯ ಮೇಲೆ ಏನೂ ಕದಲುತ್ತಿರಲಿಲ್ಲ. ವೈರ್‌ಲೆಸ್ ಮೌಸ್. ಅಲ್ಲಾಡಿಸದೆ ಬಿಟ್ಟರೆ ಬ್ಯಾಟರಿ ಉಳಿಸಲು ತಾನೇ ಆಫ್ ಆಗುವ ಜಾತಿ. “ಮೌಸ್ ಕೈಕೊಡ್ತು” ಎಂದು ಇವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಾನೂ ಅದನ್ನೇ ನಂಬಿದ್ದ.

ಕ್ಯಾಪ್ಟನ್‌ನನ್ನು ಎಲ್ಲರೂ ‘ಮಾವ’ ಎನ್ನುತ್ತಿದ್ದರು. ಯಾರಿಗೂ ಮಾವನಲ್ಲ, ಆಂಬುಲೆನ್ಸ್ ಓಡಿಸುವವನು. ಟೂರ್ನಿಯ ಸೆಮಿಫೈನಲ್‌ಗೆ ಎರಡು ದಿನ ಇರುವಾಗ ಅವನ ಫೋನ್ ಬಂತು.

“ಗೂಬೆ, ಭಾನುವಾರ ವೈರ್ ಇರೋ ಮೌಸ್ ಹಾಕ್ಕೊಂಡು ಕೂತ್ಕೋ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬ್ಯಾಂಕಿನವನನ್ನ ಕರೀತೀನಿ.”

ಬ್ಯಾಂಕಿನವನು ತಂಡದ ಆರನೆಯವನು, ಬದಲಿ ಆಟಗಾರ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಕಾದಿರುವವನ ಹಾಗೆ ತಿಂಗಳುಗಟ್ಟಲೆ ಕಾದಿದ್ದ.

ವೈರ್ ಎಂದರೆ ಅಕ್ಕನ ಹತ್ತಿರ ಮಾತಾಡಬೇಕು. ಇಡೀ ಮನೆಗೆ ಇರುವುದು ಒಂದೇ ಮೇಜು. ಅರ್ಧ ಅವಳ ಹೊಲಿಗೆ ಯಂತ್ರಕ್ಕೆ, ಅರ್ಧ ಇವನ ಕಂಪ್ಯೂಟರಿಗೆ. ಹಿಂದಿನ ಮೌಸಿನ ವೈರನ್ನು ಅವಳು ಶಾಲೆಯ ಯೂನಿಫಾರ್ಮಿನ ಅಂಗಿಯ ಜೊತೆ ಸೇರಿಸಿ ಹೊಲಿದುಬಿಟ್ಟಿದ್ದಳು. ವೈರ್‌ಲೆಸ್ ತಂದದ್ದೇ ಆಮೇಲೆ.

“ನಲವತ್ತು ಅಂಗಿ ಬಾಕಿ ಇದೆ. ಮೆಷಿನ್ ಇಳಿಸಿ ನಿನ್ನ ಯುದ್ಧ ನೋಡ್ತಾ ಕೂರ್ಲಾ?”

“ಎರಡೇ ಗಂಟೆ ಅಕ್ಕ. ಇಲ್ಲಾಂದ್ರೆ ತಂಡದಿಂದ ತೆಗೀತಾರೆ.”

ಅವಳು ಅವನ ಮುಖವನ್ನು ನೋಡಿದಳು. ಏನನಿಸಿತೋ, ಭಾನುವಾರ ಮಧ್ಯಾಹ್ನ ಅವಳೇ ಯಂತ್ರ ಇಳಿಸಿ, ಪಕ್ಕದ ಸ್ಟೂಲಿನ ಮೇಲೆ ಗುಂಡಿ ಹಾಕುತ್ತ ಕೂತಳು.

ಮೂರು ಆಟಗಳಲ್ಲಿ ಎರಡು ಗೆಲ್ಲಬೇಕು. ಮೊದಲನೆಯದು ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇಬ್ಬರು ಎದುರಾಳಿಗಳು ಬಾಗಿಲಲ್ಲಿ ತಲೆಹಾಕಿದರು, ಇಬ್ಬರನ್ನೂ ಉರುಳಿಸಿದ. ಕಿವಿಯಲ್ಲಿ ಮಾವನ “ಶಭಾಷ್” ಕೇಳಿಸಿತು. ಬಾಗಿಲು. ಬಾಗಿಲು. ಬಾಗಿಲು.

ಯಾರೋ ತಲೆಗೆ ಮೊಟಕಿದರು.

“ಲೋ, ಎದ್ದೇಳೋ! ಕೂಗ್ತಾ ಇದ್ದಾರೆ!”

ಕಣ್ಣು ಬಿಟ್ಟ. ಬಾಗಿಲು ಹಾರುಹೊಡೆದಿತ್ತು. ಗೋದಾಮು ಹೊತ್ತಿ ಉರಿಯುತ್ತಿತ್ತು, ಮೊದಲ ಆಟ ಸೋತಾಗಿತ್ತು. ಅಕ್ಕ ಕೈಯಲ್ಲಿ ಸೂಜಿ ಹಿಡಿದೇ ನಿಂತಿದ್ದಳು.

“ಎಷ್ಟು ಹೊತ್ತಿಂದ?” ಎಂದು ಮೆಲ್ಲಗೆ ಕೇಳಿದ.

“ನಾಲ್ಕು ನಿಮಿಷ ಇರ್ಬೇಕು. ನೆಟ್ಟಗೆ ಕೂತಿದ್ದೆ, ಕೈ ಮೌಸಿನ ಮೇಲೇ ಇತ್ತು. ಏನೋ ಯೋಚ್ನೆ ಮಾಡ್ತಿದ್ದಾನೆ ಅಂದ್ಕೊಂಡೆ. ನೀನು ಯಾವತ್ತು ಯೋಚ್ನೆ ಮಾಡಿದ್ದೆ ಅಂತ ಆಮೇಲೆ ಹೊಳೀತು.”

ಗಡಿಯಾರ ನೋಡಿದ. ಆಟ ಶುರುವಾಗಿ ಮೂವತ್ತನಾಲ್ಕು ನಿಮಿಷ. ನಾಲ್ಕು ವರ್ಷ ಬೆಲ್ ಬಾರಿಸಿ ಬಾರಿಸಿ ಕಾರ್ಖಾನೆ ಅವನ ರೆಪ್ಪೆಗಳನ್ನು ಪಳಗಿಸಿಬಿಟ್ಟಿತ್ತು. ಈಗ ಬೆಲ್ಲಿನ ಹಂಗೂ ಅವುಗಳಿಗೆ ಬೇಕಿರಲಿಲ್ಲ.

“ಗೂಬೆ, ವೈರ್ ಹಾಕಿದ್ದೀಯ ತಾನೆ?” ಮಾವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. “ಮತ್ತೆ ಏನಾಯ್ತು?”

ವೈರ್ ಸಡಿಲ ಇತ್ತು ಎನ್ನಬಹುದಿತ್ತು. ಕರೆಂಟು ಹೋಗಿತ್ತು ಎನ್ನಬಹುದಿತ್ತು. ನೆಪ ಹುಡುಕುವುದಕ್ಕೂ ತ್ರಾಣ ಬೇಕಲ್ಲ.

“ಮೌಸ್ ಅಲ್ಲ ಮಾವ, ನಾನೇ. ಅರ್ಧ ಗಂಟೆಗೆ ಸರಿಯಾಗಿ ಕಣ್ಣು ಮುಚ್ಕೊಳ್ಳುತ್ತೆ. ಕೆಲಸದಲ್ಲಿ ಹಾಗೆ ಅಭ್ಯಾಸ ಮಾಡ್ಸಿದ್ದಾರೆ. ನಂಗೂ ಈಗಲೇ ಗೊತ್ತಾಗಿದ್ದು.”

ಆ ಕಡೆ ಯಾರೋ ಕಿಸಕ್ಕೆಂದರು. ಮಾವ ನಗಲಿಲ್ಲ.

“ಹೇಳಿದ್ದು ಒಳ್ಳೇದಾಯ್ತು ಬಿಡು. ಇಲ್ಲಾಂದ್ರೆ ಮುಂದಿನ ವಾರ ಕಂಪ್ಯೂಟರ್ ಬದಲಾಯ್ಸು ಅಂತಿದ್ದೆ.” ಆಮೇಲೆ, “ಬ್ಯಾಂಕಿನವನು ಬರ್ಲಿ” ಎಂದ.

ಬ್ಯಾಂಕಿನವನು ಬಂದ. ಟ್ಯಾಂಕಿನ ಮೇಲೆ ಒದ್ದಾಡಿದ, ಎರಡು ಸಲ ಗುರಿ ತಪ್ಪಿದ, ಆದರೆ ಐವತ್ತು ನಿಮಿಷವೂ ಕಣ್ಣು ಬಿಟ್ಟುಕೊಂಡೇ ಇದ್ದ. ಎರಡನೆಯ ಆಟ ಗೆದ್ದರು. ಮೂರನೆಯದನ್ನೂ ಗೆದ್ದರು. ಆಟದ ಹೊರಗೆ ಕೂತು ನೋಡುತ್ತಿದ್ದವನಿಗೆ ಸಂತೋಷವೇ ಆಯಿತು. ತಾನಿಲ್ಲದೆ ಇಷ್ಟು ಸಲೀಸಾಗಿ ಗೆಲ್ಲದಿದ್ದರೆ ಸಂತೋಷ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತಿತ್ತೇನೋ. ಎರಡು ಗಂಟೆ ಎಂದದ್ದು ಎರಡೂವರೆ ದಾಟಿತ್ತು. ಅಕ್ಕ ಗುಂಡಿ ಹಾಕುತ್ತಲೇ ಇದ್ದಳು.

ಎಲ್ಲರೂ ಹೋದಮೇಲೆ ಮಾವ ಒಬ್ಬನೇ ಲೈನಿನಲ್ಲಿ ಉಳಿದ.

“ಫೈನಲ್‌ಗೂ ಅವನೇ ಇರ್ಲಿ. ಬೇಜಾರು ಮಾಡ್ಕೋಬೇಡ.”

“ಇಲ್ಲ ಮಾವ” ಎಂದ.

“ಇನ್ನೊಂದು ವಿಷ್ಯ. ಫೈನಲ್‌ನಲ್ಲಿ ಬರೋರ ಹಳೇ ಆಟಗಳ ವಿಡಿಯೋ ನನ್ನತ್ರ ಇದೆ. ಅವ್ರು ಎಲ್ಲಿಂದ ನುಗ್ತಾರೆ, ಯಾವಾಗ ನುಗ್ತಾರೆ, ಯಾರಾದ್ರೂ ಕೂತು ನೋಡಿ ಹೇಳ್ಬೇಕು. ನಮ್ಮಲ್ಲಿ ಒಬ್ಬನಿಗೂ ಅಷ್ಟು ತಾಳ್ಮೆ ಇಲ್ಲ. ವಿಡಿಯೋ ಆದ್ರೆ ಏನು, ಕಣ್ಣು ಮುಚ್ಚಿದ್ರೆ ನಿಲ್ಲಿಸಿ ಹಿಂದಕ್ಕೆ ಹೋಗ್ಬಹುದು.”

ಅಂದರೆ ಮತ್ತೆ ನೋಡುವ ಕೆಲಸವೇ. ಅದೂ ಸಂಬಳವಿಲ್ಲದೆ.

“ಎಷ್ಟು ಹೊತ್ತಿಂದು?”

“ಹದಿನಾಲ್ಕು ಗಂಟೆ.”

ಅಕ್ಕ ಯಂತ್ರವನ್ನು ಎತ್ತಿಡಲು ಬಂದು ನಿಂತಿದ್ದಳು. ಅವನು ವೈರ್ ಸುತ್ತಿಟ್ಟು, ಅವಳ ಜೊತೆ ಕೈಜೋಡಿಸಿ ಯಂತ್ರವನ್ನು ಮೇಜಿಗೇರಿಸಿದ. ಆಮೇಲೆ ಮೈಕಿನ ಹತ್ತಿರ ಬಾಗಿ ಹೇಳಿದ:

“ಕಳಿಸು ಮಾವ.”