ಪಾರಿವಾಳದ ಮೇಷ್ಟ್ರು
ತುಮಕೂರಿನ ನಮ್ಮ ಕಾಲೇಜಿನ ಯೋಗನರಸಿಂಹ ಮೇಷ್ಟ್ರು ಈರುಳ್ಳಿಯನ್ನೂ ಮುಟ್ಟದವರು, ಆದರೂ ವಾರವಾರವೂ ಮನ್ಸೂರ್ ಅಲಿಯ ಅಂಗಡಿಯಲ್ಲಿ ಪಾರಿವಾಳ ಕೊಳ್ಳುತ್ತಿದ್ದರು. ಕದ್ದು ತಿನ್ನುತ್ತಾರೆಂದು ಅಗ್ರಹಾರವೆಲ್ಲ ಆಡಿಕೊಂಡಿತು. ಲ್ಯಾಬಿನಲ್ಲಿ ಪಾರಿವಾಳದ ಎದೆಯ ಸ್ನಾಯು ಅರೆದು ಪರೀಕ್ಷಿಸುತ್ತಿದ್ದ ಅವರೋ, ಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು, "ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಅಂತ ಪುಟ್ಟ ಪುಟ್ಟ ಒಲೆಗಳಿರ್ತವೆ ಕಣಯ್ಯ. ಪಾರಿವಾಳಕ್ಕೆ ಅವು ಧಗಧಗ ಉರೀತವೆ, ಎಷ್ಟು ಹಾರಿದ್ರೂ ದಣಿಯಲ್ಲ. ಕೆಲವು ಮನುಷ್ಯರಿಗೆ ಯಾಕೆ ಉರಿಯಲ್ಲ?" ಎನ್ನುತ್ತಿದ್ದರು, ಕೇಳುವವನ ಕಾಫಿ ಆರಿದರೂ ಬಿಡುತ್ತಿರಲಿಲ್ಲ. ಬಾಚಣಿಗೆ ಎತ್ತಲೂ ಕೈ ಸೋಲುತ್ತಿದ್ದ ಮಗಳು ಕಮಲಳಿಗೆ ದಿನವೂ ತಾವೇ ಜಡೆ ಹೆಣೆದು ಕಾಲೇಜಿಗೆ ಬರುತ್ತಿದ್ದರು. ಅರವತ್ತಮೂರರ ಶ್ರಾವಣದಲ್ಲಿ ಕಮಲ ತೀರಿಕೊಂಡಳು. ಆಮೇಲೂ ಮೇಷ್ಟ್ರು ಅಂಗಡಿಗೆ ಹೋಗುವುದು ತಪ್ಪಲಿಲ್ಲ. ಒಂದು ಪಾರಿವಾಳವನ್ನು ಕೈಗೆತ್ತಿಕೊಂಡು, ಅದರ ಎದೆಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದರು. "ಕೊಡ್ಲಾ ಸ್ವಾಮಿ?" ಎಂದು ಮನ್ಸೂರ್ ಕೇಳಿದರೆ, "ಬೇಡಪ್ಪ, ಬೆಚ್ಚಗಿದೆ," ಎಂದು ಅದನ್ನು ಗೂಡಿಗೆ ಬಿಡುತ್ತಿದ್ದರು.