ಹುರುಳಿಯ ಮೇಲೆ ಮೂರು ಸಲ

ಕಾರಿನ ಕೆಳಗೆ ಇಣುಕಿ ನೋಡದೆ ನಾನು ಈಗ ಎಲ್ಲಿಗೂ ಹೊರಡುವುದಿಲ್ಲ. ಮಧುಗಿರಿಯ ಮನೆಯಿಂದ ಶಾಲೆಗೆ ಹೊರಡುವಾಗ ಒಮ್ಮೆ, ಶಾಲೆಯಿಂದ ಮನೆಗೆ ಹೊರಡುವಾಗ ಒಮ್ಮೆ, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ನೆಲಕ್ಕೆ ಕೈಯೂರಿ, ತಲೆ ವಾಲಿಸಿ ನೋಡುತ್ತೇನೆ. ಹೊಳವನಹಳ್ಳಿ ಕಡೆಯ ನಮ್ಮ ಶಾಲೆಯ ಮಕ್ಕಳು ಮೊದಮೊದಲು ಮಿಸ್ಸು ಏನೋ ಕಳೆದುಕೊಂಡಿದ್ದಾರೆ ಎಂದು ಸಾಲಾಗಿ ಕೂತು ತಾವೂ ಇಣುಕುತ್ತಿದ್ದವು. ಈಗ ಅವಕ್ಕೂ ಬೇಸರ ಬಂದಿದೆ. ಜೊತೆಯ ಟೀಚರುಗಳು ಮಾತ್ರ, ಕಾರಿಗೆ ದಿನಾ ನಮಸ್ಕಾರ ಮಾಡುತ್ತೀರಾ ಎಂದು ರೇಗಿಸುವುದನ್ನು ಬಿಟ್ಟಿಲ್ಲ. ನಾನೂ ನಗುತ್ತೇನೆ. ಭಯ ಎಂದು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಲು ಹೊರಟರೆ ಎಲ್ಲವನ್ನೂ ಹೇಳಬೇಕಾಗುತ್ತದೆ.

ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ಕಾರು ಸೆಕೆಂಡ್ ಹ್ಯಾಂಡ್. ಶಿರಾದ ಒಬ್ಬ ಮೆಕ್ಯಾನಿಕ್ ಸಾಬರು ಹುಡುಕಿ ಕೊಡಿಸಿದ್ದು. ಕೊಡಿಸುವಾಗಲೇ ಅವರು, ಈ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ, ಹಂಪು ಕಂಡರೆ ನಿಧಾನ ಮಾಡಿ, ಕೆಳಗೆ ಆಯಿಲ್ ಚೇಂಬರ್ ಇದೆ, ಅದು ಒಡೆದರೆ ಎಂಜಿನ್ ಕಥೆ ಮುಗಿಯಿತು ಎಂದು ಹೆದರಿಸಿ ಕಳಿಸಿದ್ದರು. ಆ ಚೇಂಬರನ್ನು ನಾನು ಕಣ್ಣಾರೆ ನೋಡಿರಲಿಲ್ಲ. ನೋಡದೇ ಇದ್ದದ್ದಕ್ಕೇ ಹೆಚ್ಚು ಹೆದರಿಕೆ.

ನಮ್ಮವ್ವ ಕುರಿ ಮೇಯಿಸಿ ನಮ್ಮನ್ನು ಸಾಕಿದವಳು. ಕುರಿ ಮಾರಿ ಎಷ್ಟೋ ವರ್ಷವಾಗಿದೆ, ವಯಸ್ಸು ಎಪ್ಪತ್ತರ ಹತ್ತಿರ. ಆದರೂ ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯವರ ಮರಿ ಬೇಲಿ ಹಾರಿದ್ದನ್ನು ನೋಡಿ ಸುಮ್ಮನಿರಲಾಗದೆ ಅದರ ಹಿಂದೆ ಓಡಿದಳು. ಮರಿ ಸಿಕ್ಕಿತು, ಅವ್ವನ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಮಧುಗಿರಿಯ ಮೂಳೆ ಡಾಕ್ಟರು ತೊಡೆಯಿಂದ ಬೆರಳಿನ ತನಕ ಸಿಮೆಂಟ್ ಪಟ್ಟಿ ಹಾಕಿ, ಮೂರು ವಾರ ಬಿಟ್ಟು ಕರೆದುಕೊಂಡು ಬನ್ನಿ ಎಂದರು. ಅವ್ವ ಇರುವುದು ವೈ.ಎನ್.ಹೊಸಕೋಟೆ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯಲ್ಲಿ. ಅಣ್ಣನಿಗೆ ರಾಯಚರ್ಲು ಕಡೆಯ ಸೋಲಾರ್ ಪಾರ್ಕಿನಲ್ಲಿ ಕೆಲಸ, ಆ ವಾರ ರಜೆ ಸಿಗುವಂತಿರಲಿಲ್ಲ. ನಾನಿದ್ದೀನಲ್ಲ, ಕಾರಿದೆಯಲ್ಲ ಎಂದು ದೊಡ್ಡದಾಗಿ ಹೇಳಿದವಳು ನಾನೇ.

ಹಿಂದಿನ ದಿನವೇ ಊರಿಗೆ ಹೋಗಿ, ಬೆಳಿಗ್ಗೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಅಡ್ಡಕ್ಕೆ ಕೂರಿಸಿದೆವು. ಬೆನ್ನು ಎಡಬಾಗಿಲಿಗೆ, ಬೆನ್ನಿಗೊಂದು ದಿಂಬು, ಮಡಿಸಲಾಗದ ಕಾಲು ಸೀಟಿನುದ್ದಕ್ಕೂ ನನ್ನ ಬೆನ್ನ ಹಿಂದಿನ ಬಾಗಿಲಿನ ತನಕ. ಆ ಎಡಬಾಗಿಲು ದಾರಿಯಲ್ಲಿ ತೆರೆದುಕೊಂಡರೆ ಅವ್ವ ಹಿಂದಕ್ಕೆ ಬೀಳುತ್ತಾಳೆ ಎಂದು ಹೆದರಿ, ಎರಡೂ ಹಿಂಬಾಗಿಲಿಗೆ ಮಕ್ಕಳ ಲಾಕ್ ಹಾಕಿದೆ. ಅಂದರೆ ಹೊರಗಿನಿಂದ ತೆರೆಯಬಹುದು, ಒಳಗಿನಿಂದ ಏನು ಮಾಡಿದರೂ ಆಗದು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಪಾವಗಡ ದಾಟಿ ಮಿಡಿಗೇಶಿ ಇನ್ನೂ ದೂರ ಇರುವಾಗ ರಸ್ತೆಯ ಮೇಲೆ ಹುರುಳಿ ಹರಡಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಎಲ್ಲಿ ನೋಡಿದರೂ ಹೀಗೇ. ಕಣ ಮಾಡುವವರು ಈಗ ಕಡಿಮೆ. ಕಿತ್ತು ಒಣಗಿಸಿದ ಹುರುಳಿಯನ್ನು ಬಳ್ಳಿ ಸಮೇತ ಡಾಂಬರಿನ ಮೇಲೆ ಹಾಸಿದರೆ ಹೋಗಿ ಬರುವ ಬಸ್ಸು, ಲಾರಿ, ಕಾರುಗಳೇ ತುಳಿದು ಕಾಳು ಬಿಡಿಸುತ್ತವೆ. ಬದಿಯಲ್ಲಿ ಜಾಗ ಇದ್ದರೆ ಜನ ಪಕ್ಕಕ್ಕೆ ಸರಿದು ಹೋಗಿಬಿಡುತ್ತಾರಲ್ಲ, ಅದಕ್ಕೇ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಹಾಗೆ ಮಾಡಬಾರದು ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ, ನಾವು ತಲೆಯಾಡಿಸುತ್ತಲೇ ಇರುತ್ತೇವೆ. ನಾವು ಎಂದು ಬೇಕೆಂದೇ ಅಂದೆ. ಹಿಂದಿನ ಸಂಜೆ ತಾನೇ ನಮ್ಮ ಮನೆಯ ಮುಂದಿನ ರಸ್ತೆಗೆ ಅತ್ತಿಗೆಯ ಜೊತೆ ಕಲ್ಲು ಹೊತ್ತು ಹಾಕಿದವಳು ನಾನು.

ನಿಧಾನ ಮಾಡಿ ಹುರುಳಿಯ ಮೇಲೇ ಹೋದೆ. ಬಳ್ಳಿ ತಿರುವಲು ಕವೆಗೋಲು ಹಿಡಿದು ನಿಂತಿದ್ದ ಹೆಂಗಸು ತಲೆಯಾಡಿಸಿ ನಕ್ಕಳು. ಅವ್ವನಿಗೆ ಅಷ್ಟು ಸಾಲಲಿಲ್ಲ. ಒಬ್ಬಳೇ ನಿಂತಿದ್ದಾಳೆ, ಪಾಪ, ವಾಹನವೂ ಕಡಿಮೆ, ಹಿಂದಕ್ಕೆ ಬಂದು ಇನ್ನೊಂದು ಸಲ ತುಳಿಸು ಎಂದಳು. ಬೇರೆ ಊರಿನವರು ಯಾರಾದರೂ ಇಂಥ ಮಾತು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ನನಗೆ ಅದು ಸರಿ ಎನ್ನಿಸಿತು. ರಿವರ್ಸ್ ತೆಗೆಯುವುದು ಹೊಸದಾಗಿ ಬಂದಿತ್ತು, ಅದನ್ನು ಅವ್ವನಿಗೆ ತೋರಿಸುವ ಆಸೆಯೂ ಇತ್ತು. ಹುರುಳಿಯ ಉದ್ದಕ್ಕೂ ಹಿಂದಕ್ಕೆ ಬಂದೆ. ಮತ್ತೆ ಮುಂದಕ್ಕೆ ಹೊರಟೆ. ಆ ಮೂರನೆಯ ಸಲ ಕಾರಿನ ಕೆಳಗೆ ಧಡ್ ಎಂದಿತು.

ಅಂಚಿನ ಒಂದು ಕಲ್ಲು ಉರುಳಿ ಬಳ್ಳಿಯ ಅಡಿ ಸೇರಿಕೊಂಡಿತ್ತು. ಕಾಲಡಿಯ ತಗಡು ಎದ್ದು ಬಂದು ನನ್ನ ಪಾದವನ್ನು ಗುದ್ದಿದ ಹಾಗಾಯಿತು. ಅವ್ವ ಕಾಲು ಹಿಡಿದುಕೊಂಡು ಸದ್ದಿಲ್ಲದೆ ಮುಖ ಕಿವುಚಿದಳು. ಹುರುಳಿ ದಾಟಿ ಬದಿಗೆ ನಿಲ್ಲಿಸಿ ಇಳಿದೆ. ಚೇಂಬರ್ ಒಡೆದಿದ್ದರೆ ಈ ಬಯಲಿನಲ್ಲಿ, ಈ ಕಾಲಿನ ಅವ್ವನನ್ನು ಇಟ್ಟುಕೊಂಡು ಏನು ಮಾಡಲಿ? ಆಟೋಗೆ ಹತ್ತಿಸಲಾಗದು, ಬಸ್ಸಂತೂ ಆಗದ ಮಾತು. ಬಗ್ಗಿ ನೋಡಿದರೆ ಕಾರಿನ ಮುಂಭಾಗದಿಂದ ತೊಟ್ಟು ತೊಟ್ಟು ಏನೋ ಸೋರುತ್ತಿತ್ತು.

ಸಾಬರಿಗೆ ಫೋನ್ ಮಾಡಿದೆ. ಕಲ್ಲು ಹೊಡೆಯಿತು, ಸೋರುತ್ತಿದೆ ಎಂದೆ.

"ಹೆದರ್ಬ್ಯಾಡಿ ಮೇಡಂ, ಬೆಳ್ಳು ಹಚ್ಚಿ ನೋಡಿ. ಕರ್ರಗೆ ಜಿಡ್ಡು ಇದ್ರೆ ಗಾಡಿ ಅಲ್ಲೇ ಬಂದ್. ಪಾನಿ ಇದ್ರೆ ಅದು ಎಸಿ ನೀರು, ಫಿಕರ್ ಇಲ್ಲ."

ಪಟ್ಟಿಯೊಳಗೆ ಕಾಲು ಬೇಯುತ್ತದೆ ಎಂದು ಅವ್ವ ದಾರಿಯುದ್ದಕ್ಕೂ ಎಸಿ ಹಾಕಿಸಿದ್ದಳು. ಬೆರಳು ಒಡ್ಡಿದೆ. ನೀರು, ಬರೀ ನೀರು. ಮೂಸಿಯೂ ನೋಡಿದೆ. ಇನ್ನಷ್ಟು ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು, ಚೇಂಬರ್ ಇರಬೇಕು ಎನ್ನಿಸಿದ ಕಡೆಯೆಲ್ಲ ನೋಡಿದೆ. ಒಂದು ಕಡೆ ಹೊಸದಾಗಿ ಕೆರೆದ ಗುರುತಿತ್ತು, ಒದ್ದೆ ಇರಲಿಲ್ಲ. ಹಿಂಭಾಗದಲ್ಲಿ ಹುರುಳಿ ಬಳ್ಳಿ ಜೋತಾಡುತ್ತಿತ್ತು. ಹಿಡಿದು ಎಳೆದೆ. ಒಂದು ಹಿಡಿ ಕಿತ್ತು ಬಂತು, ಉಳಿದದ್ದು ಒಳಗೆಲ್ಲೋ ಸುತ್ತಿಕೊಂಡಿತ್ತು. ಹೋಗ್ತಾ ಹೋಗ್ತಾ ಉದುರುತ್ತದೆ ಎಂದುಕೊಂಡೆ.

ಸಾಬರಿಗೆ ನಾನು ಕಲ್ಲಿನ ವಿಷಯ ಹೇಳಿದೆ, ಹುರುಳಿಯ ವಿಷಯ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ ಇರುವುದು ನಮಗೆ ಹೇಳುವಂಥ ಸುದ್ದಿಯೇ ಅಲ್ಲ. ಆಮೇಲೆ ಅವರು ಗ್ಯಾರೇಜಿನಲ್ಲಿ ತಲೆ ಚಚ್ಚಿಕೊಂಡರು, ಆ ಒಂದು ಮಾತು ಹೇಳಿದ್ದರೆ ಗಾಡಿ ಮುಟ್ಟಲು ಬಿಡುತ್ತಿರಲಿಲ್ಲ ಮೇಡಂ ಎಂದು.

ಹೊರಟೆವು. ಭಯ ಇಳಿದು ಹಗುರಾಗಿದ್ದೆ, ಅವ್ವನಿಗೆ ಆಯಿಲ್ ಚೇಂಬರ್ ಎಂದರೇನು ಎಂದು ಪಾಠ ಬೇರೆ ಮಾಡುತ್ತಿದ್ದೆ. ಮೂರ್ನಾಲ್ಕು ಕಿಲೋಮೀಟರ್ ಹೋಗಿರಬೇಕು. ಅವ್ವ ಮೂಗೆಳೆದು, ಎಲ್ಲೋ ಹುರುಳಿ ಹುರಿದ ವಾಸನೆ ಎಂದಳು. ಹೊಲದಲ್ಲಿ ಕಳೆ ಸುಡುತ್ತಿದ್ದಾರೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, ಅಲ್ಲ ಕಣಮ್ಮ, ಇಲ್ಲೇ ಹತ್ತಿರದ ವಾಸನೆ ಎಂದಳು. ನನಗೆ ರೇಗಿತು. ನಿನ್ನ ಮಾತು ಕೇಳಿಯೇ ಕಲ್ಲು ಹತ್ತಿಸಿದ್ದು, ಇನ್ನಾದರೂ ಬಾಯಿ ಮುಚ್ಚಿಕೊಂಡು ಕೂರು ಎಂದೆ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನನ್ನ ನಾಲಿಗೆಯ ಮೇಲೆ ನನಗೆ ಸಿಟ್ಟಿದೆ.

ಎದುರಿಗೆ ಬಂದ ಬೈಕಿನವನು ಕೈ ಬೀಸಿ ಏನೋ ಕೂಗಿದ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣಲಿಲ್ಲ, ಬರೀ ಬಿಳಿ ಹೊಗೆ. ಬ್ರೇಕ್ ಒತ್ತಿ ನಿಲ್ಲಿಸಿದೆ. ನಿಂತ ಕೂಡಲೇ ಹೊಗೆ ಕಾರನ್ನೆಲ್ಲ ಸುತ್ತಿಕೊಂಡಿತು, ನನ್ನ ಬಾಗಿಲಿನ ಕೆಳಗೆ ಕೆಂಪಗೆ ಏನೋ ಅಲುಗಾಡಿತು.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ನಾನು ಬಾಗಿಲು ತೆರೆದು ಓಡಿದೆ. ಅವ್ವ ಎನ್ನುವ ಶಬ್ದ ನನ್ನ ತಲೆಯಲ್ಲಿ ಇರಲಿಲ್ಲ. ಕಾಲು ತಾನಾಗಿ ಓಡಿತು ಎಂದು ಹೇಳಬಹುದು, ಆದರೆ ಕಾಲು ನನ್ನದೇ. ಬದಿಯ ಹುಣಸೆ ಮರದ ತನಕ ಓಡಿ, ಮರ ಹಿಡಿದುಕೊಂಡು ತಿರುಗಿ ನೋಡಿದೆ. ಆಮೇಲೊಂದು ದಿನ ಅದೇ ಜಾಗಕ್ಕೆ ಹೋಗಿ ಅಳೆದಿದ್ದೇನೆ, ಇಪ್ಪತ್ತೆರಡು ಹೆಜ್ಜೆ.

ನಾನು ತೆರೆದೇ ಬಿಟ್ಟು ಬಂದ ಬಾಗಿಲಿನೊಳಗೆ ಸೀಟುಗಳ ಸಂದಿಯಿಂದ ಅವ್ವ ಕಾಣುತ್ತಿದ್ದಳು. ಕೂಗಲಿಲ್ಲ, ಕರೆಯಲಿಲ್ಲ. ಬಾಗಿಲಿನ ಹಿಡಿಯನ್ನು ಎಳೆದು ನೋಡಿರಬೇಕು, ಅದು ತೆರೆಯದು ಎಂದು ಅವಳಿಗೆ ಗೊತ್ತಾಗಿತ್ತು. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಆಗ ನನಗೆ ಹುಟ್ಟಿದ ಭಯದ ಮುಂದೆ ಬೆಂಕಿಯ ಭಯ ಏನೂ ಅಲ್ಲ.

ವಾಪಸ್ ಓಡಿದೆ. ಎಡಬಾಗಿಲು ಎಳೆದ ಕೂಡಲೇ ಅವ್ವ ದಿಂಬಿನ ಸಮೇತ ನನ್ನ ಎದೆಯ ಮೇಲೆ ಒರಗಿದಳು. ಕಂಕುಳಿಗೆ ಕೈ ಹಾಕಿ ಎಳೆದೆ. ಸಿಮೆಂಟ್ ಕಾಲು ಸೀಟಿನಿಂದ ಜಾರಿ ರಸ್ತೆಗೆ ಬಡಿಯಿತು, ಡಾಂಬರಿನ ಮೇಲೆ ಗೀರಿಕೊಂಡು ಬಂತು. ಅವಳು ಹಲ್ಲು ಕಚ್ಚಿದ್ದು ನನ್ನ ಕಿವಿಗೆ ಕೇಳಿಸಿತು. ಹುಣಸೆ ಮರದ ತನಕ ಹಾಗೇ ಎಳೆದುಕೊಂಡು ಬಂದು ಇಬ್ಬರೂ ಕುಸಿದೆವು.

ಪಕ್ಕದ ಬೀಳು ಹೊಲದಲ್ಲಿ ಕುರಿ ಬಿಟ್ಟಿದ್ದ ಒಬ್ಬ ಮುದುಕ ಓಡಿ ಬಂದ. ಮೇಕೆಗೆ ಸೊಪ್ಪು ಇಳಿಸುವ ಉದ್ದನೆಯ ದೋಟಿ ಅವನ ಕೈಯಲ್ಲಿತ್ತು. "ದೂರ ಜರುಗ್ರಮ್ಮಾ, ದೂರ" ಎನ್ನುತ್ತಾ, ದೂರದಲ್ಲೇ ನಿಂತು ದೋಟಿಯ ಕೊಕ್ಕೆಯನ್ನು ಕಾರಿನ ಕೆಳಗೆ ತೂರಿಸಿ ಉರಿಯುವ ಬಳ್ಳಿಯನ್ನು ಎಳೆದೆಳೆದು ಹಾಕಿದ. ಕಾದ ಸೈಲೆನ್ಸರಿನ ಸುತ್ತ ಅದು ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ವಾಪಸ್ ಬಂದ ಬೈಕಿನವನು ಮಣ್ಣು ಎರಚಿದ. ನಮ್ಮ ನೀರಿನ ಕ್ಯಾನು, ಅದರ ನೀರಲ್ಲಿ ನೆನೆಸಿದ ಮುದುಕನ ಕಂಬಳಿ, ಎಲ್ಲ ಸೇರಿ ಬೆಂಕಿ ಆರಿತು. ಬೆಂಕಿಗೂ ಪೆಟ್ರೋಲ್ ಟ್ಯಾಂಕಿಗೂ ಒಂದೇ ಗೇಣು ದೂರವಿತ್ತು ಎಂದು ಸಾಬರು ಆಮೇಲೆ ತೋರಿಸಿದರು.

ಮುದುಕ ಬೆವರು ಒರೆಸಿಕೊಂಡು, ಈ ಕಾಲಲ್ಲಿ ಹೆಂಗೆ ಇಳಿದ್ಬುಟ್ಟೆ ತಾಯಿ ಎಂದು ಅವ್ವನನ್ನು ಕೇಳಿದ. ನಾನು ನೆಲ ನೋಡಿದೆ.

"ನನ್ ಮಗಳು ಎತ್ಕಂಡು ಬಂದ್ಲು ಕಣಪ್ಪ" ಎಂದಳು ಅವ್ವ. "ಹೊಗೆ ಕಂಡಿದ್ದೇ ತಡ, ಬಾಗ್ಲು ತೆಗ್ದು ಎತ್ಕಂಬುಟ್ಲು."

ಡಾಕ್ಟರಿಗೂ ಅದನ್ನೇ ಹೇಳಿದಳು. ಅಣ್ಣನಿಗೆ, ಅತ್ತಿಗೆಗೆ, ನೋಡಲು ಬಂದ ನೆಂಟರಿಗೆಲ್ಲ ಅದೇ ಕಥೆ. ಹೇಳಿ ಹೇಳಿ ನಾನು ಸಾಹಸಿಯೇ ಆಗಿಬಿಟ್ಟೆ. ಅತ್ತಿಗೆ ನನಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು. ಆ ಹೊಗೆಗೆ ನಾನು ಎದ್ದು ಹೊರಗೆ ಹೋದೆ, ಅದಕ್ಕೂ ಜನ ನಕ್ಕರು. ಅವ್ವ ನಾನು ಓಡಿದ್ದನ್ನು ನೋಡಿಲ್ಲವೇನೋ, ಹೊಗೆಯಲ್ಲಿ ಕಂಡಿಲ್ಲವೇನೋ ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಕಂಡಿತ್ತು ಎಂದು ಚೆನ್ನಾಗಿ ಗೊತ್ತಿದ್ದೂ ಹೇಳಿಕೊಂಡೆ.

ಪಟ್ಟಿ ಬಿಚ್ಚಿ ತಿಂಗಳಾದ ಮೇಲೆ ಒಂದು ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ಹೊರಡುವ ಮುಂಚೆ ಎಂದಿನಂತೆ ಕಾರಿನ ಪಕ್ಕ ಮಲಗಿ ಕೆಳಗೆ ತಲೆ ತೂರಿಸಿ ನೋಡುತ್ತಿದ್ದೆ. ಅವ್ವ ಕೋಲು ಪಕ್ಕಕ್ಕಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಬೇರೆ ಯಾರೂ ಇರಲಿಲ್ಲ.

"ಎಷ್ಟು ಸಲ ನೋಡ್ತೀಯೆ, ಸಾಕು ಬುಡು" ಎಂದಳು. ನಾನು ಟಾರ್ಚನ್ನು ಸೈಲೆನ್ಸರಿನ ಕಡೆ ತಿರುಗಿಸಿದೆ. ಮತ್ತೆ ಅವಳ ದನಿ ಬಂತು.

"ಅವತ್ತು ನೀನು ಮರದ್ ತಾವ್ಕೆ ಓಡ್ಬುಟ್ಯಲ್ಲ, ಆಗ ನಂಗೆ ಸಮಾಧಾನ ಆಯ್ತು ಕಣಮ್ಮ. ಇವಳು ಉಳ್ಕಂಡ್ಲು, ಸಾಕು ಅಂತ. ತಿರುಗಿ ಬಂದ್ಯಲ್ಲ, ಆಗ ಭಯ ಆಗೋಯ್ತು."

ಸೈಲೆನ್ಸರಿನ ಮೇಲೆ ಏನೂ ಇರಲಿಲ್ಲ. ಚೇಂಬರ್ ಒಣಗಿತ್ತು. ಕಾರಿನ ಕೆಳಗೆ ನೋಡುವಂಥದ್ದು ಇನ್ನೇನೂ ಉಳಿದಿರಲಿಲ್ಲ. ಆಯ್ತೇನೆ ಎಂದು ಅವ್ವ ಕೇಳಿದಳು. ಇನ್ನೂ ಸ್ವಲ್ಪ ನೋಡಬೇಕು ಎಂದು ಹೇಳಿ, ದನಿ ಸರಿಯಾಗುವ ತನಕ ಅಲ್ಲೇ ಮಲಗಿದ್ದೆ.