ಚಿರತೆಗೊಂದು ಮರೆ

ಮೃಗಾಲಯದ ಹುಚ್ಚು ಎಂಬುದೊಂದಿದೆ. ಇಸ್ಪೀಟಿನ ಹುಚ್ಚು, ನಾಟಕದ ಹುಚ್ಚು ಇದ್ದ ಹಾಗೆ ಅದೂ ಒಂದು. ತೊಂಬತ್ತರ ದಶಕದ ಹುಣಸೂರಿನಲ್ಲಿ ಅದು ಹಿಡಿದವರು ನಾವು ಮೂವರಿದ್ದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ಇನ್ನೊಬ್ಬರು ಬೀಚನಹಳ್ಳಿ ಅಣೆಕಟ್ಟೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರು. ಮೂರನೆಯವರು ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊ ಇಟ್ಟಿದ್ದರು. ಮದುಮಕ್ಕಳ ಫೋಟೊ ತೆಗೆದು ರೀಲಿನಲ್ಲಿ ಮಿಕ್ಕಿದ್ದನ್ನು ಹುಲಿ, ಕರಡಿಗಳ ಮೇಲೆ ಖರ್ಚು ಮಾಡುವ ಆಸಾಮಿ.

ರಜೆ ಸಿಕ್ಕಿದರೆ ಮೈಸೂರಿನ ಬಸ್ಸು ಹತ್ತುತ್ತಿದ್ದೆವು. ಊರ ಬಾಯಿಗೆ ಆಹಾರವಾಗಬಾರದೆಂದು ಎಂಜಿನಿಯರ ಹೆಂಡತಿಯೂ ಜೊತೆಗೆ ಬರುತ್ತಿದ್ದರು. ಅವರು ಆನೆಯ ಮುಂದೊಂದು ಕಲ್ಲುಬೆಂಚು ಹಿಡಿದು ಕೂತರೆ ಚಪಾತಿ ಡಬ್ಬಿ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲ. ನಾವು ಮೂವರು ಮಾತ್ರ ಒಂದೊಂದು ಆವರಣದ ಮುಂದೆ ನಿಂತು ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು. ಕಂದಕ ಇಷ್ಟು ಅಗಲ ಬೇಕೇ, ನೆರಳು ಸಾಲುತ್ತದೆಯೇ, ಕರಡಿಗೆ ಹತ್ತಲು ಮರ ಯಾಕೆ ಇಟ್ಟಿಲ್ಲ. ಮನೆಗೆ ಬಂದರೆ ಅತ್ತೆ ಕಾಯುತ್ತಿದ್ದರು. "ನಿನ್ ಸ್ಕೂಲ್ನಾಗಿರೋ ಕೋತಿಗಳು ಸಾಲ್ದು ಅಂತ ಮೈಸೂರ್ಗಂಟ ಓಗ್ಬೇಕೇನವ್ವ?" ಎನ್ನುತ್ತಿದ್ದರು.

ಭಾನುವಾರ ಮಧ್ಯಾಹ್ನ ಸ್ಟುಡಿಯೊದ ಒಳಕೋಣೆಯಲ್ಲಿ ನಮ್ಮ ಸಭೆ. ಜಲಪಾತದ ಚಿತ್ರವಿದ್ದ ಪರದೆಯನ್ನು ಸುತ್ತಿಟ್ಟು, ಕೆಂಪು ನೆಲದ ಮೇಲೆ ಎಂಜಿನಿಯರು ಸೀಮೆಸುಣ್ಣದಿಂದ ಆವರಣ ಬರೆಯುತ್ತಿದ್ದರು. ಸ್ಟೂಲುಗಳು ಬಂಡೆಗಳಾಗುತ್ತಿದ್ದವು, ಲೈಟಿನ ಸ್ಟ್ಯಾಂಡುಗಳು ಮರಗಳಾಗುತ್ತಿದ್ದವು. ಆಮೇಲೆ ಒಬ್ಬರು ಪ್ರಾಣಿಯಾಗಿ ಒಳಗೆ ಕೂರಬೇಕು, ಉಳಿದವರು ಗೆರೆಯ ಆಚೆ ಜನರ ಹಾಗೆ ಓಡಾಡಬೇಕು. ಅವರಿಬ್ಬರಿಗೂ ಮಂಡಿನೋವು, ಹಾಗಾಗಿ ಪ್ರಾಣಿ ಯಾವಾಗಲೂ ನಾನೇ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಕರಡಿಯಾಗಿದ್ದೇನೆ, ಕತ್ತೆಕಿರುಬವಾಗಿದ್ದೇನೆ. ಕಬಿನಿ ಹಿನ್ನೀರಿನ ಮಾದರಿಯಲ್ಲಿ ನೀರುನಾಯಿಗಳಿಗೊಂದು ಕೊಳ ಕಟ್ಟಬೇಕೆಂಬುದು ನಮ್ಮ ಬಹುಕಾಲದ ಕನಸು. ಅದಕ್ಕಾಗಿ ಆ ನೆಲದ ಮೇಲೆ ಈಜಿದ್ದೂ ಉಂಟು. ಕಟ್ಟಿಸುವವರು ಯಾರು, ಜಾಗ ಎಲ್ಲಿ ಎಂದು ನಾವು ಕೇಳಿಕೊಂಡವರೇ ಅಲ್ಲ. ನಗುವವರು ನಗಲಿ, ಅಂಥ ಖುಷಿಯ ಮಧ್ಯಾಹ್ನಗಳು ನನಗೆ ಮತ್ತೆ ಸಿಕ್ಕಿಲ್ಲ.

ಈ ಆಟ ಆಟವಾಗಿ ಉಳಿಯದೆ ಹೋದದ್ದು ಒಂದು ಬೇಸಿಗೆಯಲ್ಲಿ. ನಮ್ಮ ಮನೆಯವರ ಜಮೀನು ಹನಗೋಡಿನ ಪಕ್ಕ. ಅಲ್ಲಿ ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಇತ್ತು, ನಾಲ್ಕು ಎತ್ತರದ ಗೋಡೆ, ಒಂದು ಬಾಗಿಲು, ಒಳಗಿನ ಶಾಖ ನೋಡಲು ಗೋಡೆಯಲ್ಲೊಂದು ಗಾಜಿನ ಕಿಂಡಿ. ಬೇಸಿಗೆಯಲ್ಲಿ ಅದು ಖಾಲಿ ಬಿದ್ದಿರುತ್ತದೆ. ಒಂದು ಬೆಳಗ್ಗೆ ಅದರೊಳಗೆ ಚಿರತೆ ಹೊಕ್ಕಿದೆಯೆಂದು ಸುದ್ದಿ ಬಂತು. ಹಂದಿಗೆಂದು ಯಾರೋ ಕಟ್ಟಿದ್ದ ತಂತಿಯ ಉರುಳಿಗೆ ಮುಂಗಾಲು ಸಿಕ್ಕಿ, ಉರುಳನ್ನು ಎಳೆದುಕೊಂಡೇ ಬಂದು ಒಳಗೆ ಬಿದ್ದಿತ್ತು. ನಮ್ಮವರು ಬಾಗಿಲು ಹಾಕಿ ಅರಣ್ಯ ಇಲಾಖೆಗೆ ಹೇಳಿಕಳಿಸಿದ್ದರು.

ನಾನು ಹೋಗುವಷ್ಟರಲ್ಲಿ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿದ್ದವು. ಸೈಕಲ್ಲು, ಟ್ರ್ಯಾಕ್ಟರು, ಕಂಕುಳಲ್ಲಿ ಕೂಸು. ಗಾಜಿನ ಕಿಂಡಿಗೆ ಸರದಿ ನಿಂತಿದ್ದರು. ಗೋಡೆಯ ಬುಡದ ಗಾಳಿಕಿಂಡಿಗಳಿಗೆ ಮುಖ ಒತ್ತಿ ಮಲಗಿದ್ದರು. ಹೆಂಚು ಸರಿಸಿ ಮೇಲಿನಿಂದ ಇಣುಕಿದವರೂ ಇದ್ದರು.

"ಮಕ ಕಾಣಾಕಿಲ್ಲ ಕಣ್ಲಾ. ಗ್ವಾಡೆ ಕಡೀಕೆ ತಿರುಗ್ಕಂಡದೆ."

"ಒಂದ್ ಕಲ್ ಒಗಿಲಾ, ಏಳ್ತದೆ."

ಒಗೆದರು. ಕಲ್ಲು, ತೆಂಗಿನ ಚಿಪ್ಪು, ಕೈಗೆ ಸಿಕ್ಕಿದ್ದು. ನಾನು ಕೂಗಾಡಿದೆ. ನಮ್ಮ ಮನೆಯವರು ಒಂದಿಬ್ಬರನ್ನು ಎಳೆದು ಹಿಂದಕ್ಕೆ ತಳ್ಳಿದರು. ಯಾರೂ ಕೆಟ್ಟವರಲ್ಲ, ದಿನಾ ನಮಗೆ ನಮಸ್ಕಾರ ಹೇಳುವ ಜನ. ಆದರೂ ಆವತ್ತು ನನ್ನ ಮೈ ಉರಿದುಹೋಯಿತು. ನನ್ನ ಸರದಿ ಎಂದು ಯಾರೋ ಕಿಂಡಿಯ ಹತ್ತಿರ ಜಾಗ ಬಿಟ್ಟರು. ಚಿರತೆ ಮೂಲೆಗೆ ಮುಖ ಹಾಕಿ ಕುಳಿತಿತ್ತು. ಕಾಲಿನ ನೋವಿಗಿಂತ ಕಿಂಡಿಗಳಲ್ಲಿದ್ದ ಜನರ ಕಣ್ಣುಗಳೇ ಅದಕ್ಕೆ ಹೆಚ್ಚಿನ ಹಿಂಸೆಯೆಂದು ನನಗೆ ಅನಿಸಿತು. ಬೆನ್ನಿನ ಚರ್ಮ ಸುಮ್ಮಸುಮ್ಮನೆ ಅದುರುತ್ತಿತ್ತು.

ಇಲಾಖೆಯವರು ಬಂದು ಅರಿವಳಿಕೆ ಕೊಟ್ಟು ಒಯ್ದರು. ಪಂಜವನ್ನು ಉಳಿಸಲಾಗಲಿಲ್ಲ. ಮೂರು ಕಾಲಿನ ಹೆಣ್ಣು ಚಿರತೆ ಕಾಡಿಗೆ ವಾಪಸು ಹೋಗುವಂತಿಲ್ಲ. ಪಕ್ಕದ ತಾಲ್ಲೂಕಿನ ಒಂದು ಪಟ್ಟಣದ ಅಂಚಿನಲ್ಲಿ ಜಿಂಕೆ, ನವಿಲು, ಮೊಲ ಇಟ್ಟುಕೊಂಡ ಸಣ್ಣ ಪ್ರಾಣಿವನವೊಂದಿತ್ತು. ಅದನ್ನು ಅಲ್ಲಿಗೆ ಕೊಡುವುದೆಂದಾಯಿತು. ಯಾವ ಊರೆಂದು ನಾನು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ಜಗಳಕ್ಕೆ ಬರುವವರಿದ್ದಾರೆ. ಅದರ ಸಮಿತಿಯ ಅಧ್ಯಕ್ಷರು ನಮ್ಮ ಎಂಜಿನಿಯರಿಗೆ ಪರಿಚಯ. ಆವರಣದ ನಕ್ಷೆ ಬರೆದುಕೊಡಿ ಎಂದು ಅವರೇ ಕೇಳಿಕೊಂಡು ಬಂದರು.

ನಮ್ಮ ಹುಚ್ಚಿಗೆ ಕೊನೆಗೂ ಒಂದು ಬೆಲೆ ಬಂತು ಎಂದು ಹಿಗ್ಗಿದೆವು. ನನಗಂತೂ ಬೇಕಾಗಿದ್ದದ್ದು ಒಂದೇ. ಎಷ್ಟೇ ಜನ ಬರಲಿ, ಆ ಚಿರತೆಗೆ ಯಾರ ಕಣ್ಣಿಗೂ ಬೀಳದೆ ಮಲಗುವ ಒಂದು ಜಾಗ ಇರಬೇಕು. ಅದನ್ನು ಮೊದಲ ಸಭೆಯಲ್ಲೇ ಹೇಳಿದೆ. ಇಬ್ಬರೂ ಒಪ್ಪಿದರು. ಬಾಯಿಮಾತಿಗಲ್ಲ, ಮನಸಾರೆ ಒಪ್ಪಿದರು.

"ಆಗ್ಲೇಬೇಕು ಕಣ್ರೀ ಮೇಡಂ. ಪಾಪ, ಎಷ್ಟ್ ಜನ ನೋಡವ್ರೆ ಅದ್ನ," ಎಂದರು ಸ್ಟುಡಿಯೊದವರು.

ಎಂಜಿನಿಯರು ಆವತ್ತು ಮಂಡಿನೋವು ಮರೆತು ನೆಲದ ಮೇಲೇ ಕೂತು ಗೆರೆ ಎಳೆದರು. ಒಂದೇ ಬದಿಯಲ್ಲಿ ಜನ ನಿಲ್ಲುವ ಕಂಬಿ, ಮೇಲೆಲ್ಲ ತಂತಿಬಲೆ, ಹಿಂದೆ ರಾತ್ರಿ ಮಲಗುವ ಕೋಣೆ, ನಡುವೆ ಬಿದಿರಿನ ದೊಡ್ಡ ಮೆಳೆ. ನಾನು ಮೆಳೆಯ ಹಿಂದೆ, ಅಂದರೆ ಮೂರು ಸ್ಟೂಲು ಮತ್ತು ಒಂದು ಜಮಖಾನದ ಹಿಂದೆ, ಮುದುಡಿ ಕೂತೆ. ಅವರಿಬ್ಬರು ಗೆರೆಯುದ್ದಕ್ಕೂ ಓಡಾಡಿ ಬಗ್ಗಿ ನೋಡಿದರು.

"ಮೊಣಕೈ ಕಾಣ್ತದೆ ಮೇಡಂ."

ಸ್ಟೂಲು ಸರಿಸಿದರು.

"ಈಗ?"

"ಈಗೇನೂ ಇಲ್ಲ. ನೀವು ಅಲ್ಲಿದ್ದೀರೋ ಇಲ್ವೋ ಅನ್ನೋದೇ ಗೊತ್ತಾಗಾಕಿಲ್ಲ."

ಮೂವರೂ ಚಪ್ಪಾಳೆ ತಟ್ಟಿದೆವು. ಎಂಜಿನಿಯರ ಹೆಂಡತಿ ಆ ದಿನ ಕೋಡುಬಳೆ ಕಳಿಸಿದ್ದರು, ಅದನ್ನೂ ತಿಂದೆವು. ನಕ್ಷೆ ಹೋಯಿತು, ಒಪ್ಪಿಗೆಯಾಯಿತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆವರಣವೂ ಆಯಿತು. ನಾವು ಬರೆದ ಹಾಗೆಯೇ ಕಟ್ಟಿದ್ದರು. ಬಿದಿರು ಕೂಡ ಬೇಗ ಬೇರು ಹಿಡಿಯಿತು. ಚಿರತೆಯನ್ನು ಹೊರಗೆ ಬಿಟ್ಟ ದಿನ ಅದು ಕುಂಟಿಕೊಂಡು ನೇರ ಮೆಳೆಯ ಹಿಂದೆ ಹೋಗಿ ಮಲಗಿತು. ನನಗೆ ಕಣ್ಣಲ್ಲಿ ನೀರು ಬಂತು.

ಉದ್ಘಾಟನೆಗೆ ಬಂದವರಿಗೂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ, ಬಿದಿರು ನೋಡಿ ನೋಡಿ. ಶಾಲು ಹೊದಿಸಿಕೊಂಡು ಗಣ್ಯರು ಕಂಬಿಯ ಉದ್ದಕ್ಕೂ ನಡೆದರು, ವಾಪಸು ನಡೆದರು. ಅಧ್ಯಕ್ಷರು ಬೆವೆತುಹೋದರು.

"ಟಿಕೆಟ್ ತಗಂಡು ಬಂದ ಜನ ಬಿದ್ರು ನೋಡ್ಕಂಡು ಓಗ್ಬೇಕೇನ್ರೀ? ಬಿದ್ರು ನಮ್ ಮನೆ ಹಿತ್ಲಾಗೇ ಅದೆ," ಎಂದು ಎಲ್ಲರೆದುರು ಎಂಜಿನಿಯರನ್ನು ತರಾಟೆಗೆ ತೆಗೆದುಕೊಂಡರು.

ಅಧ್ಯಕ್ಷರ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಅವರಿಗೆ ಪ್ರಾಣಿಯೂ ಒಂದೇ, ಪುತ್ಥಳಿಯೂ ಒಂದೇ. ಸಿಟ್ಟು ಬಂದದ್ದು ಮುಂದಿನ ಭಾನುವಾರ. ಸ್ಟುಡಿಯೊಗೆ ಹೋದರೆ ಇಬ್ಬರೂ ನನಗಿಂತ ಮೊದಲೇ ಬಂದು ಕೂತಿದ್ದರು. ನೆಲದ ಮೇಲೆ ಅದೇ ಆವರಣ ಮತ್ತೆ ಬರೆದಿತ್ತು. ಮೆಳೆ ಮಾತ್ರ ಇರಲಿಲ್ಲ.

"ಮೇಡಂ, ನಾನೂ ಮೂರ್ ಸಲ ಓಗಿದ್ದೆ," ಎಂದು ಸ್ಟುಡಿಯೊದವರು ನೆಲ ನೋಡುತ್ತ ಹೇಳಿದರು. "ಕ್ಯಾಮೆರಾ ಇಡ್ಕಂಡು ಸಾಯಂಕಾಲದವರ್ಗೂ ನಿಂತೆ. ಬಾಲ ಕೂಡ ಕಾಣ್ನಿಲ್ಲ ಕಣ್ರೀ. ಬೇಜಾರಾಯ್ತದೆ."

"ಯಾರಿಗೆ ಬೇಜಾರು ಅಣ್ಣ? ನಿಮಗೋ, ಅದಕ್ಕೋ?"

ನಾನು ಎಂಜಿನಿಯರ ಕಡೆ ತಿರುಗಿದೆ. "ಸಾರ್, ನೀವೇ ಕೈಯಾರೆ ಬರೆದ ಮೆಳೆ ಅದು. ಏನೂ ಕಾಣಿಸಲ್ಲ ಅಂತ ಇದೇ ಜಾಗದಲ್ಲಿ ಚಪ್ಪಾಳೆ ತಟ್ಟಿದ್ರಿ."

ಅವರು ಬಹಳ ಶಾಂತವಾಗಿ, ಸಣ್ಣ ಹುಡುಗಿಗೆ ಹೇಳುವ ಹಾಗೆ ಹೇಳಿದರು. "ಹೌದಮ್ಮ, ತಟ್ಟಿದ್ದೆ. ಆದ್ರೆ ಆವತ್ತು ಮೆಳೆ ಹಿಂದೆ ಕೂತಿದ್ದವಳು ನೀನು. ನಿನ್ನನ್ನ ನೋಡ್ಬೇಕು ಅಂತ ನಮಗೇನೂ ಆಸೆ ಇರ್ಲಿಲ್ವಲ್ಲ. ಇದು ಚಿರತೆ."

ಅಷ್ಟು ವರ್ಷ ನಾವು ಮಾಡಿದ ಪರೀಕ್ಷೆಯೆಲ್ಲ ಏನಾಗಿತ್ತೆಂದು ನನಗೆ ಆಗ ತಿಳಿಯಿತು. ಸೀರೆ ಉಟ್ಟ ಒಬ್ಬ ಮೇಡಮ್ಮನನ್ನು ನೋಡದೆ ಇರಲು ಯಾರಿಗೆ ತಾನೇ ಕಷ್ಟ? ಅದನ್ನೇ ನಾವು ಪ್ರಾಣಿಯ ಮೇಲಿನ ಕರುಣೆ ಎಂದುಕೊಂಡು ಕೋಡುಬಳೆ ತಿಂದಿದ್ದೆವು. ಬ್ಯಾರನ್ನಿನ ಹತ್ತಿರ ಕಲ್ಲು ಒಗೆದವರು ಕೊನೆಗೂ ಪ್ರಾಮಾಣಿಕರು. ಪಾಪ, ಪುಣ್ಯ ಎಂದು ಅವರು ಮಾತಾಡಿರಲಿಲ್ಲ. ಇವರು ಓದಿದವರು, ಪ್ರಾಣಿಗಳ ಸ್ವಭಾವದ ಮೇಲೆ ಗಂಟೆಗಟ್ಟಲೆ ಭಾಷಣ ಬಿಗಿಯುವವರು. ತಮಗೆ ಕಾಣಿಸಲಿಲ್ಲ ಎಂದ ಕೂಡಲೇ ಕೊಡಲಿ ಎತ್ತಿಕೊಂಡರು. ನಾನು ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ನೀವು ಪ್ರಾಣಿಪ್ರಿಯರಲ್ಲ, ನೋಡುವ ಚಟದವರು ಎಂದೆ. ಎಂಜಿನಿಯರ ಮುಖ ಕಪ್ಪಿಟ್ಟಿತು. ಅಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮೆಳೆ ಕಡಿದರು. ಕಂಬಿಯ ಹತ್ತಿರ ಒಂದು ಚಪ್ಪಡಿ ಹಾಕಿ ಮಾಂಸವನ್ನು ಅದರ ಮೇಲೇ ಇಡತೊಡಗಿದರು. ಹಗಲಿನಲ್ಲಿ ಕೋಣೆಯ ಬಾಗಿಲು ಮುಚ್ಚಿದರು, ಒಳಗೆ ಹೋಗಿ ಅಡಗಿದರೆ ಜನರಿಗೆ ಏನು ಕಾಣಬೇಕು? ಅಧ್ಯಕ್ಷರಿಗೆ ನಾನು ಹೋಗಿ ಹೇಳಿ ಬಂದೆ. "ನಿಮ್ ಎಂಜಿನಿಯರ್ರೇ ರುಜು ಹಾಕವ್ರಲ್ಲಮ್ಮ," ಎಂದರು.

ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಹೋಗಬಾರದೆಂದುಕೊಂಡಿದ್ದೆ, ಆದರೂ ಹೋದೆ. ಚಿರತೆ ಬಯಲಿನಲ್ಲಿ ಹಿಂದಕ್ಕೂ ಮುಂದಕ್ಕೂ ಕುಂಟುತ್ತಿತ್ತು. ಒಂದು ಕಡೆ ಕೂರುತ್ತದೆ, ಆ ಭಾಗದ ಜನ ಕೂಗುತ್ತಾರೆ, ಎದ್ದು ಇನ್ನೊಂದು ಕಡೆ ಹೋಗುತ್ತದೆ. ಹಾಗೆ ಹೋಗುತ್ತ ಹೋಗುತ್ತ ಎಡಗಡೆಯ ಮೂಲೆಯಲ್ಲಿ ಪ್ರತಿ ಸಲ ಒಂದಿಷ್ಟು ಹೊತ್ತು ನಿಲ್ಲುತ್ತಿತ್ತು. ಕೋಣೆಯ ಗೋಡೆ ಅಲ್ಲಿ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಪಕ್ಕದ ಸಂದು ಕಂಬಿಯ ಎಡತುದಿಯಿಂದ ಮಾತ್ರ ಕಾಣುತ್ತದೆ, ಇಬ್ಬರು ನಿಲ್ಲುವಷ್ಟು ಜಾಗದಿಂದ. ಅಷ್ಟು ವರ್ಷ ನೆಲದ ಮೇಲೆ ಪ್ರಾಣಿಯಾಗಿ ಕೂತವಳಿಗೆ ಅದು ನೋಡಿದ ತಕ್ಷಣ ಗೊತ್ತಾಯಿತು.

ನಾನು ಎಡತುದಿಗೆ ಹೋದೆ. ಅಲ್ಲಿದ್ದ ದಂಪತಿ ನೋಡಿ ಸಾಕಾಗಿ ಹೊರಡುವವರೆಗೆ ಕಾದೆ. ಆಮೇಲೆ ಕಂಬಿಗೆ ಬೆನ್ನು ಕೊಟ್ಟು ನಿಂತು, ಚೀಲದಲ್ಲಿದ್ದ ಕೊಡೆ ಬಿಚ್ಚಿ, ಹೆಗಲ ಮೇಲೆ ಹಿಂದಕ್ಕೆ ಓರೆಯಾಗಿ ಹಿಡಿದೆ.

ಜನಕ್ಕೆ ಮೊದಲು ತಮಾಷೆಯಾಯಿತು. ಆಮೇಲೆ ಬೈಯತೊಡಗಿದರು. "ಮಳೆ ಇಲ್ಲ, ಬಿಸ್ಲಿಲ್ಲ, ಕೊಡೆ ಯಾಕವ್ವ?" "ಅತ್ತಾಗ್ ಸರೀರಮ್ಮ, ಮಗೀಗೆ ಕಾಣಾಕಿಲ್ಲ." ಒಬ್ಬ ಕೊಡೆಯ ಕಡ್ಡಿ ಹಿಡಿದು ಎಳೆದ. ಮೇಡಂ ದನಿಯಲ್ಲಿ ಒಂದು ಸಲ ಗದರಿದೆ, ಕೈಬಿಟ್ಟ. ಹೊತ್ತು ಹೋದಂತೆ ಜನ ಬಲಗಡೆಗೆ ಹೋಗಿ ನೋಡಿ, ಏನೂ ಕಾಣದೆ, ನನ್ನನ್ನು ಕೆಕ್ಕರಿಸಿಕೊಂಡು ಜಿಂಕೆಗಳ ಕಡೆ ಹೊರಟರು. ಬಯಲು ಖಾಲಿಯೆಂದು ಅವರ ಮುಖ ನೋಡಿಯೇ ತಿಳಿಯಿತು. ಚಿರತೆ ಸಂದಿಗೆ ಬಂದಿತ್ತು.

ಆ ಹೊತ್ತಿಗೆ ಸ್ಟುಡಿಯೊದವರು ಬಂದರು, ಕುತ್ತಿಗೆಗೆ ಕ್ಯಾಮೆರಾ. ನನ್ನನ್ನೂ ಕೊಡೆಯನ್ನೂ ನೋಡಿದರು. ಅವರೂ ಆ ಗೆರೆಗಳನ್ನು ನೋಡಿ ಪಳಗಿದವರೇ, ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಲ್ಲೇ ಮಲಗದೆ, ಅಲ್ವಾ ಮೇಡಂ?"

"ನನಗೆ ಗೊತ್ತಿಲ್ಲ."

"ಒಂಚೂರು ಸರೀರಿ. ಒಂದೇ ಒಂದು ಫೋಟೊ. ನೀವೂ ನೋಡಿ, ಮಲಗಿರೋವಾಗ ಎಷ್ಟ್ ಚೆಂದ ಇರ್ತದೆ."

ಮಲಗಿದ್ದರೆ ಹೇಗಿರುತ್ತದೆಂದು ನನಗೂ ನೋಡುವ ಆಸೆಯಿತ್ತು. ಕತ್ತು ಒಂದಿಷ್ಟು ತಿರುಗಿಸಿದರೆ ಸಾಕಿತ್ತು. ಆದರೆ ಒಂದು ಮಧ್ಯಾಹ್ನವಾದರೂ ಅದನ್ನು ಯಾರೂ ನೋಡಬಾರದು ಎಂದರೆ ಆ ಯಾರೂ ಎನ್ನುವುದರಲ್ಲಿ ನಾನೂ ಸೇರಿದ್ದೇನಲ್ಲ.

"ಸರಿಯಲ್ಲ ಕಣಣ್ಣ," ಎಂದೆ.

ಅವರು ಕಾದರು. ನಾನು ಎದುರಿನ ನವಿಲಿನ ಬೋನನ್ನೂ ಅದರ ಪಕ್ಕದ ಕುಡಿಯುವ ನೀರಿನ ತೊಟ್ಟಿಯನ್ನೂ ನೋಡುತ್ತ ನಿಂತೆ. ಗೇಟು ಹಾಕುವ ಗಂಟೆ ಬಾರಿಸುವವರೆಗೆ ಕೊಡೆ ಮಡಿಸಲಿಲ್ಲ, ಹಿಂದಕ್ಕೂ ತಿರುಗಲಿಲ್ಲ.